ಎಪ್ಪತ್ತನೇ ಇಸವಿಯ ಹಾಲು

ಬೆಳಗಿನ ಮಬ್ಬು ಇನ್ನೂ ಹರಿದಿಲ್ಲ. ಡೇರಿಯ ಹಿಂಬದಿ, ಹಾಲು ಇಳಿಸುವ ಕಟ್ಟೆಯ ಪಕ್ಕದ ಕಿಟಕಿಯೊಳಗೆ ಕೂತ ಹೆಂಗಸು ಕಪ್ಪು ಹಲಗೆಯ ಮೇಲೆ ಹತ್ತು ಅಂಕಿಯ ಒಂದು ಸಂಖ್ಯೆ ಬರೆದು, ಎರಡು ಸಲ ಓದಿ, ಕೈಗೆ ಮೆತ್ತಿದ ಸೀಮೆಸುಣ್ಣ ಒರೆಸಿಕೊಳ್ಳುತ್ತಾರೆ. ಮೊದಲ ಟ್ಯಾಂಕರಿನ ಚಾಲಕ ಉದ್ದನೆಯ ಚೀಟಿಯೊಂದನ್ನು ಒಳಗೆ ಚಾಚುತ್ತಾನೆ. ಅದರ ಎಡಕ್ಕೆ ಹತ್ತು ಅಂಕಿಯ ಸಂಖ್ಯೆಗಳು, ಬಲಕ್ಕೆ ಹಾಲು ಎಷ್ಟು ತಣ್ಣಗಿತ್ತೆಂಬ ಡಿಗ್ರಿ. ಗಂಟೆಯಾಗಲಿ ತಾರೀಕಾಗಲಿ ಎಲ್ಲೂ ಇಲ್ಲ.

ಒಂದು ಸಾಲಿನ ಮೇಲೆ ಅವರ ಬೆರಳು ನಿಲ್ಲುತ್ತದೆ. ನಾಲ್ಕೂಕಾಲಿಗೆ ಎಲ್ಲಿದ್ದಿರಿ ಎಂದು ಕೇಳುತ್ತಾರೆ.

“ಟೀ ಕುಡೀತಿದ್ದೆ ಟೈಮಕ್ಕ. ಅದನ್ನೂ ಹೇಳುತ್ತಾ ಇದು?”

“ಟೀ ಹೇಳಲ್ಲ. ಟೀಗೆ ಹಾಲು ಎಲ್ಲಿಂದ ಬಂತು ಅಂತ ಹೇಳುತ್ತೆ.”

ಹಿಂದಿನ ಟ್ಯಾಂಕರಿನವರು ನಗುತ್ತಾರೆ. ಡಿಗ್ರಿ ಅರ್ಧ ಏರಿ ಮತ್ತೆ ಇಳಿದಿದೆ, ಅಷ್ಟೆ. ಚೀಟಿಗೆ ಸಹಿ ಬೀಳುತ್ತದೆ. ಆದರೆ ಟೈಮಕ್ಕನ ಕಣ್ಣು ಇವತ್ತು ಮತ್ತೆ ಮತ್ತೆ ಗೇಟಿನ ಕಡೆ ಹೋಗುತ್ತಿದೆ. ಅವರ ಅಕ್ಕನ ಗಂಡ, ಇದೇ ಡೇರಿಯ ಹಳೆಯ ಚಾಲಕ, ಒಂದು ತಿಂಗಳ ಅಮಾನತು ಮುಗಿಸಿ ಇವತ್ತು ಕೆಲಸಕ್ಕೆ ಮರಳುತ್ತಿದ್ದಾರೆ. ಅಮಾನತಾಗಿದ್ದು ನಾದಿನಿಯ ಲೆಕ್ಕದಿಂದ. ಅಂದಿನಿಂದ ಅಕ್ಕ ಇವರೊಡನೆ ಮಾತು ಬಿಟ್ಟಿದ್ದಾರೆ.

ಟ್ಯಾಂಕರಿನ ಮೇಲಿರುವ ಅಂಗೈಯಗಲದ ಯಂತ್ರಕ್ಕೆ ಗಂಟೆ ನಿಮಿಷ ಗೊತ್ತಿಲ್ಲ. 1970ರ ಜನವರಿ ಒಂದರಿಂದ ಎಷ್ಟು ಸೆಕೆಂಡು ಕಳೆಯಿತು ಎಂಬುದಷ್ಟೇ ಅದರ ಲೆಕ್ಕ. ಅದನ್ನು ತಾರೀಕಾಗಿ ಬಿಡಿಸುತ್ತಿದ್ದ ಕಂಪ್ಯೂಟರು ಕೆಟ್ಟುಹೋಯಿತು, ಯಂತ್ರ ಮಾರಿದ ಕಂಪನಿ ಬಾಗಿಲು ಹಾಕಿತು. ಹೊಸದು ಬರುತ್ತದೆ ಎಂದು ಆಡಳಿತದವರು ಹೇಳುತ್ತಿರುವುದು ಇದು ನಾಲ್ಕನೇ ವರ್ಷ. ಅಲ್ಲಿಯವರೆಗೆ ಆ ಕೆಲಸ ಟೈಮಕ್ಕನದು.

ದಾರಿ ಸರಳ. ಹಲಗೆಯ ಮೇಲಿರುವುದು ಆ ದಿನದ ನಡುರಾತ್ರಿಯ ಸಂಖ್ಯೆ. ಚೀಟಿಯ ಸಂಖ್ಯೆಯಿಂದ ಅದನ್ನು ಕಳೆದು, ಉಳಿದದ್ದನ್ನು 3,600ರಿಂದ ಭಾಗಿಸಿದರೆ ಗಂಟೆ ಸಿಗುತ್ತದೆ. 15,300 ಉಳಿದರೆ ನಾಲ್ಕೂಕಾಲು. ಮರುದಿನ ಹಲಗೆಗೆ 86,400 ಕೂಡಿಸಿದರಾಯಿತು. ದಿನಕ್ಕೆ ಇಪ್ಪತ್ತಾರು ಟ್ಯಾಂಕರು, ಒಂದೊಂದರದೂ ಮಾರುದ್ದದ ಚೀಟಿ. “ಸ್ಕೂಲಲ್ಲಿ ಲೆಕ್ಕ ಪಾಸಾಗಿದ್ದು ಮೂರನೇ ಸಲಕ್ಕೆ. ಮೇಷ್ಟ್ರು ಈಗ ನೋಡಿದ್ರೆ ನಂಬಲ್ಲ” ಎನ್ನುತ್ತಾರೆ.

ಮೊದಲು ಅವರು ಇದೇ ಕಟ್ಟೆಯಲ್ಲಿ ಟ್ಯಾಂಕರು ತೊಳೆಯುತ್ತಿದ್ದರು. ತೊಳೆಯುವ ಸೋಡಾದ ನೀರಿಗೆ ಅಂಗೈ ಚರ್ಮ ಸುಲಿಯತೊಡಗಿದಾಗ ಕಿಟಕಿಗೆ ಹಾಕಿದರು. ಆ ಕೆಲಸ ಕೊಡಿಸಿದ್ದೂ ಭಾವನೇ. ವ್ಯವಸ್ಥಾಪಕರ ಬಾಗಿಲಲ್ಲಿ ಎರಡು ದಿನ ನಿಂತು, ನಾದಿನಿಯ ಕೈ ತೋರಿಸಿ, ಒಪ್ಪಿಸಿದ್ದರು.

ಚಾಲಕರಲ್ಲಿ ಒಂದು ಗುಟ್ಟು ಓಡಾಡುತ್ತಿತ್ತು. ಯಂತ್ರದ ಸೆಲ್ ಬಿಚ್ಚಿ ಹಾಕಿದರೆ ಅದು ಸೊನ್ನೆಯಿಂದ ಎಣಿಸತೊಡಗುತ್ತದೆ, ತಾರೀಕು 1970ಕ್ಕೆ ಹೋಗುತ್ತದೆ. ಅಂಥ ಚೀಟಿ ಬಂದರೆ ಕಿಟಕಿಯಲ್ಲಿ ಯಾರೂ ಓದುತ್ತಿರಲಿಲ್ಲ, ಲ್ಯಾಬಿನ ಪರೀಕ್ಷೆ ದಾಟಿದರೆ ಸಾಕಿತ್ತು. ‘ಎಪ್ಪತ್ತನೇ ಇಸವಿ ಹಾಲಿಗೆ ಯಾರು ಕೇಸು ಹಾಕ್ತಾರೆ’ ಎಂಬುದು ಕಟ್ಟೆಯ ಹಳೆಯ ನಗೆಮಾತು.

ಕಳೆದ ತಿಂಗಳು ಒಂದು ಬೆಳಿಗ್ಗೆ ಭಾವನ ಚೀಟಿ ಹಾಗೆಯೇ ಬಂತು. ರಸ್ತೆಯ ಗುಂಡಿಯಲ್ಲಿ ಗಾಡಿ ಇಳಿದಾಗ ಸೆಲ್ ಒಂದು ಕ್ಷಣ ಕದಲಿತು ಎಂದರು. ಲ್ಯಾಬು ಹೂಂ ಎಂದಿತ್ತು. ಟೈಮಕ್ಕ ಸಹಿ ಹಾಕಲು ಪೆನ್ನು ತೆಗೆದವರು ಹಾಗೇ ನಿಂತರು. ಸೊನ್ನೆಗೆ ಹೋದ ಯಂತ್ರ ಸುಮ್ಮನಿರುವುದಿಲ್ಲವಲ್ಲ, ಅಲ್ಲಿಂದಲೂ ಸೆಕೆಂಡು ಎಣಿಸುತ್ತಲೇ ಇರುತ್ತದೆ. ಕಟ್ಟೆಗೆ ಬಂದಾಗ ಐದೂ ಹತ್ತು. ಕೊನೆಯ ಸಾಲು 5,640, ಅಂದರೆ ತೊಂಬತ್ತನಾಲ್ಕು ನಿಮಿಷ. ಹಿಂದಕ್ಕೆ ಎಣಿಸಿದರೆ ಯಂತ್ರ ಮತ್ತೆ ಶುರುವಾಗಿದ್ದು ಮೂರೂ ಮೂವತ್ತಾರಕ್ಕೆ. ಅದಕ್ಕೂ ಮುಂಚಿನ ಕೊನೆಯ ಸರಿಯಾದ ಸಾಲು ಎರಡೂ ಹತ್ತರದು. ನಡುವೆ ಎಂಬತ್ತಾರು ನಿಮಿಷ ಯಂತ್ರ ಸತ್ತಿತ್ತು. ಅಷ್ಟರಲ್ಲಿ ಹಾಲು ನಾಲ್ಕು ಡಿಗ್ರಿಯಿಂದ ಹನ್ನೊಂದಕ್ಕೆ ಏರಿತ್ತು. ಅಷ್ಟು ಹೊತ್ತು ಬಿಸಿಯಾದ ಹಾಲನ್ನು ಡೇರಿ ತೆಗೆದುಕೊಳ್ಳುವಂತಿಲ್ಲ.

ಅವರು ಭಾವನನ್ನು ಪಕ್ಕಕ್ಕೆ ಕರೆದು ಕೇಳಿದರು. ತಂಪು ಮಾಡುವ ಮೋಟರಿನ ಬೆಲ್ಟು ಹರಿದಿತ್ತು, ಒಬ್ಬರೇ ಹೆಣಗಿ ಬೇರೆ ಹಾಕಿದ್ದರು, ಹೆದರಿ ಸೆಲ್ ಬಿಚ್ಚಿಟ್ಟಿದ್ದರು. “ಲ್ಯಾಬೇ ಬಿಟ್ಟಿದೆ. ನೀನೊಬ್ಬಳು ಕಣ್ಣು ಮುಚ್ಚು” ಎಂದರಂತೆ.

“ಈ ಹಾಲು ಹೋಗಿ ದೊಡ್ಡ ತೊಟ್ಟಿಗೆ ಸೇರುತ್ತೆ ಭಾವ. ಆಮೇಲೆ ಯಾರದು ಯಾವುದು ಅಂತ ಬೇರೆ ಮಾಡೋಕಾಗಲ್ಲ” ಎಂದು ಇವರು ಚೀಟಿಯ ಬೆನ್ನಿಗೆ ವೇಳೆಗಳನ್ನು ಬರೆದು ಒಳಗೆ ಕಳುಹಿಸಿದರು. ಟ್ಯಾಂಕರು ಪೂರ್ತಿ ಚರಂಡಿಗೆ ಹೋಯಿತು. ಬೆಲ್ಟು ಹರಿದಿದ್ದಕ್ಕೆ ಯಾರೂ ಏನೂ ಅನ್ನಲಿಲ್ಲ, ಮುಚ್ಚಿಟ್ಟಿದ್ದಕ್ಕೆ ಅಮಾನತು. ಅಕ್ಕ ಫೋನು ಮಾಡಿ ಒಂದೇ ಮಾತು ಹೇಳಿದರು: “ಕಿಟಕೀಲಿ ಕೂರಿಸಿದ ಕೈನೇ ಕಡಿದೆಯಲ್ಲೇ.” ಅಷ್ಟಕ್ಕೇ ಫೋನು ಇಟ್ಟರು. ಆಮೇಲೆ ಇವರು ಮೂರು ಸಲ ಮನೆಗೆ ಹೋದರೂ ಬಾಗಿಲು ತೆರೆದದ್ದು ಅಕ್ಕನ ಸೊಸೆ.

ಈಗ ಭಾವನ ಟ್ಯಾಂಕರು ಒಳಗೆ ಬರುತ್ತಿದೆ. ಅವರು ಇಳಿದು ಬಂದು ಚೀಟಿ ಕೊಡುತ್ತಾರೆ, ಮುಖ ನೋಡುವುದಿಲ್ಲ.

“ಮೂರು ಗಂಟೆಗೆ ನಿಲ್ಲಿಸಿದ್ದೆ. ಇಪ್ಪತ್ತು ನಿಮಿಷ. ಮತ್ತೆ ಅದೇ ಬೆಲ್ಟು. ನೋಡ್ಕೋ.”

ಡಿಗ್ರಿ ಏರತೊಡಗಿದ ಸಾಲು ಹುಡುಕಿ, ಟೈಮಕ್ಕ ಹಲಗೆ ನೋಡಿ ಕಳೆಯುತ್ತಾರೆ. 10,800. ಮೂರು ಗಂಟೆಯೇ. ಹಾಲು ಆರು ಡಿಗ್ರಿ ದಾಟಿಲ್ಲ. ಸಹಿ ಹಾಕಿ, ಬೆಲ್ಟು ಬದಲಿಸಿ ಎಂದು ಗ್ಯಾರೇಜಿಗೊಂದು ಚೀಟಿ ಬರೆದು ಕೊಡುತ್ತಾರೆ. ಭಾವ ಅದನ್ನು ಜೇಬಿಗೆ ಹಾಕಿಕೊಂಡು ಹೋಗುತ್ತಾರೆ. ಹಿಂದಿನ ಚಾಲಕ, ಕೇಳುವ ಮೊದಲೇ, ತಾನು ಎಲ್ಲಿ ನಿಂತಿದ್ದೆ ಎಂದು ಶುರು ಮಾಡುತ್ತಾನೆ.

ಅಕ್ಕನ ವಿಷಯ ಎತ್ತಿದರೆ ಟೈಮಕ್ಕ ಮುಂದಿನ ಚೀಟಿಯಿಂದ ತಲೆ ಎತ್ತುವುದಿಲ್ಲ.

“ಇನ್ನೂ ಮಾತಾಡಿಲ್ಲ. ಮಾತಾಡಿದ್ರೆ ಸಾಕು ನಂಗೆ, ಬೈದ್ರೂ ಸರಿ. ಅವಳ ಮೊಮ್ಮಗು ಕುಡಿಯೋದೂ ಈ ತೊಟ್ಟಿ ಹಾಲೇ.”