ಪಲ್ಲಡದ ಬ್ಲಾಗಿಗೆ ಓದುಗರು ಬಂದದ್ದು

ಸಾವಿರದ ಒಂಬೈನೂರ ಎಂಬತ್ತೊಂಬತ್ತರಲ್ಲಿ, ಎಂಟನೇ ತರಗತಿಗೇ ನಾನು ಓದು ನಿಲ್ಲಿಸಿದೆ. ಹುಬ್ಬಳ್ಳಿಯ ವರ್ಕ್‌ಶಾಪಿನಲ್ಲಿ ಕೆಲಸ ಕಲಿತು, ತಮಿಳುನಾಡಿನ ಪಲ್ಲಡಕ್ಕೆ ಬಂದು ಪವರ್‌ಲೂಮ್ ಫಿಟ್ಟರ್ ಆದೆ. 2007ರಲ್ಲಿ ಮಗ್ಗಗಳ ಬಗ್ಗೆ ಬ್ಲಾಗ್ ಶುರು ಮಾಡಿ, ಮೊದಲ ಬರಹವನ್ನು ನಾನಿದ್ದ ಮನೆಯ ಒಡತಿ ದೈವಾನೆಯಮ್ಮನಿಗೆ ತೋರಿಸಿದೆ. ಮೂರು ತಲೆಮಾರಿನಿಂದ ಅವರ ಮನೆಮಾತು ಕನ್ನಡ. ಆಕೆ ಪರದೆಯನ್ನು ದಿಟ್ಟಿಸಿ, “ಏನ್ ತಂಬಿ, ಇದು ತೆಲುಂಗು ಎಳುತ್ತಾ?” ಅಂದರು. ಎಳುತ್ತು ಅಂದರೆ ಅಕ್ಷರ. ಆಕೆ ಓದಲು ಕಲಿತದ್ದು ತಮಿಳು ಮಾತ್ರ. ಹುಬ್ಬಳ್ಳಿಯಲ್ಲಿ ಬೋರ್ಡಿನ ಮೇಲೆಲ್ಲ ಕನ್ನಡ. ಇಲ್ಲಿ ಕನ್ನಡ ಅಡುಗೆಮನೆ ದಾಟುವುದಿಲ್ಲ.

ಓದುಗರನ್ನು ಹುಡುಕಿಕೊಂಡು ಇಂಟರ್ನೆಟ್ಟಿನ ಎರಡು ಸಮುದಾಯ ಸೇರಿದೆ. ಒಂದು ಬೆಂಗಳೂರಿನ, ಕನ್ನಡ ಓದಬಲ್ಲವರದು, ಇನ್ನೊಂದು ಕೊಯಮತ್ತೂರು ಕಡೆಯ ಕನ್ನಡ ಮನೆಗಳದು. ಬರೆದಾಗಲೆಲ್ಲ ಎರಡರಲ್ಲೂ ಲಿಂಕ್ ಅಂಟಿಸಿದೆ, ಗೋಡೆಗೆ ಪೋಸ್ಟರ್ ಹಚ್ಚಿದ ಹಾಗೆ.

ಬೆಂಗಳೂರಿನ ಸಮುದಾಯದ ನಿರ್ವಾಹಕರು ಬರೆದರು: “ಫಿಟ್ಟರ್ ಸಾಹೇಬ್ರೇ, ಬೇರೆಯವರ ಒಂದು ಬರಹಕ್ಕೂ ನೀವು ಉತ್ತರ ಬರೆದಿಲ್ಲ. ಇನ್ನೊಂದು ಲಿಂಕ್ ಬಿದ್ರೆ ಹೊರಗೆ ಕಳಿಸ್ತೀವಿ.”

ಇಲ್ಲಿನವರು ಇಂಗ್ಲಿಷ್ ಅಕ್ಷರದಲ್ಲಿ ನಕ್ಕರು: “ಅಣ್ಣಾ, ಜಿಲೇಬಿ ಸುತ್ತಿದ್ದೀರ. ತಿನ್ನಬಹುದು, ಓದಕ್ಕಾಗಲ್ಲ!”

ಆಗ ನನಗಿದ್ದದ್ದು ಹನ್ನೊಂದು ಮಂದಿ ಓದುಗರು, ಅದರಲ್ಲಿ ನಾನೂ ಒಬ್ಬ. ಹೀಗೇ ಮುಂದುವರಿದಿದ್ದರೆ ಬ್ಲಾಗ್ ಮುಚ್ಚಬೇಕಿತ್ತು.

ಲಿಂಕ್ ಹಾಕುವುದು ನಿಲ್ಲಿಸಿದೆ. ಬೆಂಗಳೂರಿನವರ ಬರಹಗಳನ್ನು ಓದಿ ಉತ್ತರ ಬರೆದೆ. ಭಾನುವಾರ ದೈವಾನೆಯಮ್ಮನಿಗೆ ನನ್ನದನ್ನು ಗಟ್ಟಿಯಾಗಿ ಓದಿದೆ. ಮಗ್ಗದ ಹಳೆಯ ಹಾಸಿನ, ಅಂದರೆ ಉದ್ದನೂಲಿನ, ಎಳೆಗಳಿಗೆ ಹೊಸ ಹಾಸಿನ ಎಳೆ ಹೊಸೆಯುವಾಗ ಬೆರಳಿಗೆ ನೀರು ಮುಟ್ಟಿಸಿಕೊಳ್ಳುತ್ತಾರೆ ಎಂದು ಬರೆದಿದ್ದೆ.

“ಐಯ್ಯೋ, ನೀರಾ? ಬೂದಿ ತಂಬಿ, ಬೂದಿ! ನಲವತ್ತು ವರ್ಷ ಹೊಸೆದಿದ್ದೀನಿ. ಮೆಷಿನ್ ಬಿಚ್ಚಕ್ಕೆ ಬರುತ್ತೆ, ಕಣ್ಣು ಬಿಡಕ್ಕೆ ಬರಲ್ವಾ?”

ನನ್ನ ತಪ್ಪು, ಆಕೆಯ ಬೈಗುಳ ಎರಡನ್ನೂ ಬ್ಲಾಗಿಗೆ ಹಾಕಿದೆ. ಇಲ್ಲಿನ ಸಮುದಾಯಕ್ಕಾಗಿ ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದೆ. ಅಜ್ಜಿಯನ್ನು ಪಾಟಿ ಎನ್ನುವ ಮನೆಗಳಿಂದ ಉತ್ತರಗಳು ಬಂದವು: “ನಮ್ಮ ಪಾಟೀನೂ ಬೂದಿಯೇ!” “ನಮ್ಮಲ್ಲಿ ಪಾಟಿ ಹೊಸೆಯುವಾಗ ಯಾರೂ ಮಾತಾಡಬಾರದು!” ಅವನ್ನೆಲ್ಲ ಕನ್ನಡ ಲಿಪಿಗೆ ತಂದು ಬ್ಲಾಗಿಗೆ ಸೇರಿಸಿದೆ. ಬೆಂಗಳೂರಿನ ಸಮುದಾಯದಲ್ಲಿ ಈ ಸಲ ಲಿಂಕ್ ಹಾಕಿದ್ದು ನಾನಲ್ಲ, ಆ ನಿರ್ವಾಹಕರೇ. “ಇದನ್ನು ಎಲ್ಲರೂ ಓದಬೇಕು” ಎಂದು ಮೇಲೊಂದು ಸಾಲು ಬೇರೆ. ಎಂಟನೇ ಕ್ಲಾಸಿನವನಾದ ನಾನು ಆ ಸಾಲನ್ನು ನಾಲ್ಕು ಸಲ ಓದಿಕೊಂಡೆ.

ಅಲ್ಲಿನವರು ನನ್ನನ್ನು ತಮಿಳುನಾಡಿನವರು ಅನ್ನುತ್ತಾರೆ, ಇಲ್ಲಿನವರು ಕರ್ನಾಟಕದಣ್ಣ ಅನ್ನುತ್ತಾರೆ. ಎರಡಕ್ಕೂ ಓಗೊಡುತ್ತೇನೆ. ಈಗ ನನಗಿರುವುದು ಎರಡು ಸಮುದಾಯ, ನಲವತ್ತೆರಡು ಬರಹ, ದಿನಕ್ಕೆ ನೂರ ಹದಿನೆಂಟು ಓದುಗರು. ಭಾನುವಾರದ ಓದು ಕೇಳಲು ಬರುವವರು ಐವರು.