ಕಾಕಾರ ಮೊಣಕಾಲು

ವಿಮಾನ ಮೋಡದೊಳಗೆ ನುಗ್ಗಿದ ಕೂಡಲೇ ಅವರ ಬಲ ಮೊಣಕಾಲು ನಡುಗಲು ಶುರುವಾಗುತ್ತಿತ್ತು, ಹೊಲಿಗೆ ಯಂತ್ರ ತುಳಿಯುವವರ ಕಾಲಿನಂತೆ, ಬಿಡದೆ. ಅದನ್ನು ಮುಚ್ಚಿಡಲು ಅವರು ಎಂದೂ ನೋಡಲಿಲ್ಲ.

ಅವರು ನಮ್ಮ ಪರೀಕ್ಷಾ ತಂಡದ ಹಿರಿಯ ಎಂಜಿನಿಯರು, ಬೈಲಹೊಂಗಲದವರು. ನಾನು ಹೊಸಬಳು, ಮುನವಳ್ಳಿಯವಳು. ಊರು ಹತ್ತಿರದ್ದೆಂದು ತಿಳಿದ ದಿನದಿಂದ ಅವರಿಗೆ ನಾನು ‘ತಂಗಿ’, ನನಗೆ ಅವರು ‘ಕಾಕಾ’.

ರೆಕ್ಕೆಯ ಅಂಚಿಗೆ ಕಟ್ಟುವ ಮಂಜುಗಡ್ಡೆಯನ್ನು ಒಡೆದು ಬೀಳಿಸಲು ಅಲ್ಲಿ ಗಾಳಿ ತುಂಬಿ ಉಬ್ಬುವ ರಬ್ಬರ್ ಪಟ್ಟಿಗಳಿರುತ್ತವೆ. ತಡವಾಗಿ ಉಬ್ಬಿಸಿದರೂ ಅವು ಕೆಲಸ ಮಾಡುತ್ತವೆಯೇ ಎಂದು ನೋಡುವುದು ನಮ್ಮ ಕೆಲಸ. ಅದಕ್ಕಾಗಿ ಮಳೆಗಾಲದ ಎತ್ತರದ ಮೋಡಗಳನ್ನು ಹುಡುಕಿಕೊಂಡು ಹೋಗಿ, ಬೇಕೆಂದೇ ಗಡ್ಡೆ ಕಟ್ಟಿಸಿಕೊಳ್ಳುತ್ತಿದ್ದೆವು. ಗಡ್ಡೆಯ ದಪ್ಪ ಅಳೆಯಲು ಕಿಟಕಿಯಾಚೆ ನೆಟ್ಟ ಸರಳಿನ ಕೆಂಪು ಗುರುತನ್ನು ಗಡ್ಡೆ ಮುಟ್ಟುವವರೆಗೆ ಕಾಯಬೇಕು. ನಡುವೆ ಯಾರೇ ‘ಸಾಕು’ ಅಂದರೂ ಪೈಲಟ್ ಕಾರಣ ಕೇಳದೆ ಪಟ್ಟಿ ಉಬ್ಬಿಸಿ, ಕೆಳಗಿನ ಬೆಚ್ಚನೆಯ ಗಾಳಿಗೆ ಇಳಿಯಬೇಕು. ಈ ಪದ್ಧತಿ ತಂದವರು ಕಾಕಾ. ಹೆಚ್ಚು ಸಲ ‘ಸಾಕು’ ಅಂದವರೂ ಅವರೇ. ನನ್ನ ದಿನಚರಿಯ ಲೆಕ್ಕದಲ್ಲಿ ಅವರದು ಹನ್ನೊಂದು, ನನ್ನದು ಸೊನ್ನೆ.

“ಎಷ್ಟ ಅಂಜತೀರಿ ಕಾಕಾ!” ಎಂದು ನಾನು ನಕ್ಕರೆ, “ಅಂಜತೇನಿ ತಂಗಿ. ಅದಕ್ಕ ನಿಮ್ಮ ಕಾಕು ಇನ್ನೂ ಕುಂಕುಮ ಹಚಗೊಳ್ಳತಾಳ. ಅಂಜಿಕಿ ಇಲ್ಲದವರ ಜೋಡಿ ಎಂದೂ ವಿಮಾನ ಹತ್ತಬ್ಯಾಡ,” ಅನ್ನುತ್ತಿದ್ದರು.

ಆ ದಿನ ಸವದತ್ತಿಯ ಮೇಲೆ ಬೇಕಾದಂಥ ಮೋಡ ಸಿಕ್ಕಿತು. ಮಳೆಗಾಲ ಮುಗಿಯುತ್ತಿತ್ತು. ಒಂದೇ ಅಳತೆ ಬಾಕಿ. ತಪ್ಪಿದರೆ ಮುಂದಿನ ವರ್ಷವೇ. ಸರಳು ಬೆಳ್ಳಗಾಗುತ್ತ ಬಂತು. ಕಾಲಡಿಯ ನೆಲ ಅದುರತೊಡಗಿತು. ಅಭ್ಯಾಸದಂತೆ ಕಾಕಾರ ಮೊಣಕಾಲು ನೋಡಿದೆ. ಅದು ಅಲುಗದೆ ನಿಂತಿತ್ತು.

“ಕಾಕಾ, ಅದುರಾಕ ಹತ್ತೇತ್ರಿ.”

“ಇನ್ನ ಒಂದೀಟ ತಡಿ. ಗುರುತು ಮುಟ್ಟಾಕ ಬಂತು.” ಅವರ ಕಣ್ಣು ಸರಳಿನ ಮೇಲೆಯೇ ಇತ್ತು.

ಅವರು ತಡಿ ಎಂದ ಮೇಲೆ ನಾನು ಹೇಗೆ ಹೇಳಲಿ? ಮತ್ತೆ ಆ ಮೊಣಕಾಲು ನೋಡಿದೆ.

“ಸಾಕು!” ಎಂದು ಕಿರುಚಿದೆ.

ಪೈಲಟ್ ಪಟ್ಟಿ ಉಬ್ಬಿಸಿದರು. ಬಲರೆಕ್ಕೆಯ ಗಡ್ಡೆ ಒಡೆದು ಹಾರಿತು, ಎಡದ್ದು ಬಿಡಲಿಲ್ಲ. ವಿಮಾನ ಎಡಕ್ಕೆ ವಾಲಿ ಬೀಳತೊಡಗಿತು. ಮೋಡ ಹರಿದು ನವಿಲುತೀರ್ಥ ಅಣೆಕಟ್ಟಿನ ನೀರು ಕಿಟಕಿಯ ತುಂಬ ಎದ್ದು ಬಂತು. ಮುನವಳ್ಳಿ ಅಲ್ಲೇ ಪಕ್ಕದಲ್ಲಿ; ಅವ್ವ ಅಂಗಳದಲ್ಲಿ ನಿಂತು ಮೇಲೆ ನೋಡದಿರಲಿ ಎಂದಷ್ಟೇ ಬೇಡಿಕೊಂಡೆ. ಬೆಚ್ಚನೆಯ ಗಾಳಿಗೆ ಇಳಿದಾಗ ಎಡದ ಗಡ್ಡೆ ಕಳಚಿ, ಕಲ್ಲೆಸೆದಂತೆ ವಿಮಾನದ ಮೈಗೆ ಬಡಿಯಿತು. ರೆಕ್ಕೆ ಸಮವಾಯಿತು.

ಇಳಿದ ಮೇಲೆ ಕಾಕಾ ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟರು. ಈಗ ಎರಡೂ ಕಾಲು ನಡುಗುತ್ತಿದ್ದವು.

“ಇವತ್ತ ನನಗ ಅಂಜಿಕಿನ ಬರಲಿಲ್ಲ ತಂಗಿ. ಆ ಕೆಂಪು ಗುರುತು ಒಂದ ಕಾಣತಿತ್ತು. ಇನ್ನ ನಾ ಹತ್ತಂಗಿಲ್ಲ.”

ಹತ್ತಲಿಲ್ಲ. ಹೋದ ಬೇಸಿಗೆಯಲ್ಲಿ ಬೈಲಹೊಂಗಲದ ಮನೆಯಲ್ಲಿ, ನಿದ್ದೆಯಲ್ಲೇ ತೀರಿಕೊಂಡರು. ಮಾತಾಡಿಸಲು ಹೋದಾಗ ಕಾಕು ನನ್ನ ಕೈ ಬಿಡಲೇ ಇಲ್ಲ. “ಮನ್ಯಾಗ, ಹಾಸಿಗ್ಯಾಗ ಹ್ವಾದ್ರವಾ. ನೀ ಒದರಿದ್ದಕ್ಕ,” ಅಂದರು.

ಈಗ ಅವರ ಕುರ್ಚಿಯಲ್ಲಿ ನಾನು ಕೂರುತ್ತೇನೆ. ಮೋಡ ಹತ್ತಿರವಾದಾಗ ಬಲ ಮೊಣಕಾಲ ಮೇಲೆ ಕೈಯಿಟ್ಟು ನೋಡುತ್ತೇನೆ. ಇನ್ನೂ ನಡುಗುತ್ತದೆ.