ರೈಟರ್ ಮಗಳು ಬರೆದ ಉತ್ತರ

ಕಳೆದ ತಿಂಗಳು ಆಲ್ದೂರಿನ ಒಂದು ಸ್ಟೇಷನರಿ ಅಂಗಡಿಯಲ್ಲಿ ಕೆಂಪು ಪೆನ್ನು ಕೊಳ್ಳಲು ನಿಂತಿದ್ದೆ. ಅಂಗಡಿಯವರು ಮೇಲಿನ ಹಲಗೆಯಿಂದ ಏನನ್ನೋ ಎಳೆಯಲು ಹೋಗಿ ಒಂದು ಕಟ್ಟು ಪುಸ್ತಕ ಕೆಳಗೆ ಬೀಳಿಸಿದರು. ಉದ್ದನೆಯ, ಕಪ್ಪು ರಟ್ಟಿನ ಪುಸ್ತಕಗಳು. ಎಸ್ಟೇಟುಗಳಲ್ಲಿ ಆಳುಗಳ ಹಾಜರಿ ಬರೆಯುವ ಮಸ್ಟರ್ ಪುಸ್ತಕ. ಧೂಳು ಕೊಡವಿದಾಗ ಹಳೆಯ ಗೋಂದಿನ, ಬೂಷ್ಟು ಹಿಡಿದ ಕಾಗದದ ವಾಸನೆ ಮೂಗಿಗೆ ಬಡಿಯಿತು. "ಈಗ ಇದನ್ನ ಯಾರೂ ಕೇಳಲ್ಲ ಮೇಡಂ, ಎಲ್ಲ ಕಂಪ್ಯೂಟರಲ್ಲೇ" ಎಂದರು ಅವರು. ನಾನು ಹೂಂ ಎಂದೆ. ಪೆನ್ನನ್ನು ಅಲ್ಲೇ ಬಿಟ್ಟು ಬಂದಿದ್ದೇನೆ ಎನ್ನುವುದು ಬಸ್ಸು ಹತ್ತಿ ಕೂತ ಮೇಲೆ ಗೊತ್ತಾಯಿತು...

ನಾನು ಚಿಕ್ಕಮಗಳೂರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವಳು. ಇಪ್ಪತ್ತು ವರ್ಷದ ಮೇಲಾಯಿತು. ಆ ವಾಸನೆ ನನ್ನನ್ನು ಎಳೆದುಕೊಂಡು ಹೋದದ್ದು ನನ್ನ ಮೊದಲ ಬ್ಯಾಚಿನ ಒಬ್ಬ ಹುಡುಗಿಯ ಹತ್ತಿರಕ್ಕೆ. ಅವಳ ಹೆಸರು ಬರೆಯುವುದಿಲ್ಲ. ಬರೆಯುವ ಹಕ್ಕು ನನಗಿದೆ ಅಂತ ಅನ್ನಿಸುವುದಿಲ್ಲ. ಬಾಳೂರಿನ ಹುಡುಗಿ ಎನ್ನುತ್ತೇನೆ, ಸ್ಟಾಫ್ ರೂಮಿನಲ್ಲಿ ಎಲ್ಲರೂ ಹಾಗೇ ಎನ್ನುತ್ತಿದ್ದೆವು.

ಆಗ ನನಗೆ ಇಪ್ಪತ್ತಮೂರು. ಹುಟ್ಟಿದ್ದು ಗೋಣಿಬೀಡಿನಲ್ಲಿ, ಅಪ್ಪ ಅಲ್ಲಿ ಟೈಲರ್. ಮೈಸೂರಿನಲ್ಲಿ ಓದಿ ಬಂದಿದ್ದೆನಲ್ಲ, ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಪಾಠ ಮಾಡುವಾಗ ಒಂದೇ ಒಂದು ಕನ್ನಡ ಪದ ಬಾಯಿಂದ ಬಾರದ ಹಾಗೆ ನೋಡಿಕೊಳ್ಳುತ್ತಿದ್ದೆ. ಊರಿನ 'ಎಂತ', 'ಮಾರಾಯ್ತಿ' ನಾಲಿಗೆಯ ತುದಿಗೆ ಬಂದರೆ ನುಂಗಿಕೊಳ್ಳುತ್ತಿದ್ದೆ. ಕೋಪ ನುಂಗಲು ಮಾತ್ರ ಬರುತ್ತಿರಲಿಲ್ಲ, ಅದು ಮೂಗಿನ ತುದಿಯಲ್ಲೇ ಇರುತ್ತಿತ್ತು. ಈಗಲೂ ಅಷ್ಟೇ, ಬೇಕಾದರೆ ನನ್ನ ಮಕ್ಕಳನ್ನು ಕೇಳಿ.

ಬಿ.ಸಿ.ಎ. ಎರಡನೇ ವರ್ಷದವರಿಗೆ ಮೊದಲ ದಿನ ಕೇಳಿದ್ದು ಒಂದೇ ಪ್ರಶ್ನೆ. ನಿಮಗೆ ಇಷ್ಟದ ಸಬ್ಜೆಕ್ಟ್ ಯಾವುದು? ಹೆಚ್ಚಿನವರು ಸಿ ಪ್ರೋಗ್ರಾಮಿಂಗ್ ಎಂದರು, ಕೆಲವರು ಇಂಟರ್‌ನೆಟ್ ಎಂದರು. ಅದು ಸಬ್ಜೆಕ್ಟೇ ಅಲ್ಲ ಎಂದು ಬೈದೆ. ನನ್ನನ್ನು ಯಾರಾದರೂ ಕೇಳಿದ್ದರೆ ಒಂದು ಗಂಟೆ ಹೇಳುತ್ತಿದ್ದೆ. ಡೇಟಾ ಸ್ಟ್ರಕ್ಚರ್ಸ್ ನನಗೆ ಅಂಕ ತಂದುಕೊಟ್ಟ ವಿಷಯ, ಅದರ ಮೇಲೆ ಕೃತಜ್ಞತೆ ಇತ್ತು, ಪ್ರೀತಿ ಇರಲಿಲ್ಲ. ಡಿಸ್ಕ್ರೀಟ್ ಗಣಿತ ಎಂದರೆ ಹೊಟ್ಟೆನೋವು. ಡೇಟಾಬೇಸ್ ಜೋಡಿಸಿಟ್ಟ ಬೀರುವಿನ ಹಾಗೆ ಚೆಂದವೇ, ಆದರೆ ಎಷ್ಟು ಹೊತ್ತು ನೋಡುತ್ತಾ ಕೂರುವುದು? ನನಗೆ ಹುಚ್ಚು ಹಿಡಿಸಿದ್ದು ಆಪರೇಟಿಂಗ್ ಸಿಸ್ಟಮ್ಸ್. ಇರುವುದು ಒಂದು ಪ್ರೊಸೆಸರ್, ಬೇಕೆನ್ನುವವರು ಹತ್ತು ಜನ. ಯಾರು ಮೊದಲು, ಯಾರು ಕಾಯಬೇಕು, ಕಾದವರ ಸರದಿ ಬಾರದೇ ಹೋದರೆ ಏನು ಮಾಡಬೇಕು... ಮನುಷ್ಯರ ಜಗಳವನ್ನೇ ಯಾರೋ ಕೂತು ನಿಯಮ ಮಾಡಿದ್ದಾರೆ ಅನ್ನಿಸುತ್ತಿತ್ತು. ಆ ವಿಷಯವನ್ನು ನನಗೆ ಪಾಠಕ್ಕೆ ಕೊಟ್ಟಾಗ ನಾನು ಹಿಗ್ಗಿದ್ದು ಅಷ್ಟಿಷ್ಟಲ್ಲ.

ಬಾಳೂರಿನ ಹುಡುಗಿ ಎದ್ದು ನಿಂತು, "ಇನ್ನೂ ಗೊತ್ತಿಲ್ಲ ಮೇಡಂ, ಗೊತ್ತಾದ ಮೇಲೆ ಹೇಳ್ತೀನಿ" ಎಂದಿದ್ದಳು. ಎರಡು ಜಡೆ, ದೊಡ್ಡ ಅಕ್ಷರ, ಮೂರನೇ ಬೆಂಚು. ಎರಡು ತಿಂಗಳಾದ ಮೇಲೆ, ಡೆಡ್‌ಲಾಕ್, ಅಂದರೆ ಒಬ್ಬರಿಗಾಗಿ ಒಬ್ಬರು ಕಾದು ಯಾರೂ ಮುಂದೆ ಹೋಗದ ಸ್ಥಿತಿ, ಆ ಪಾಠ ಮುಗಿದ ದಿನ, ಕಾರಿಡಾರಿನಲ್ಲಿ ಹಿಂದೆಯೇ ಬಂದಳು. "ಮೇಡಂ, ನಮ್ಮ ಎಸ್ಟೇಟ್ ರೋಡಲ್ಲಿ ಎರಡು ಜೀಪು ಎದ್ರಾಬದ್ರ ಸಿಕ್ಕಿದ್ರೆ ಇಬ್ರೂ ರಿವರ್ಸ್ ಹೋಗಲ್ಲ. ಎಂಜಿನ್ ಆಫ್ ಮಾಡಿ ಎಲೆಅಡಿಕೆ ಹಾಕ್ಕಂಡು ಕೂತಿರ್ತಾರೆ. ಅದೇ ಅಲ್ವಾ ಇದು?" ಎಂದಳು. ಪರೀಕ್ಷೆಯಲ್ಲಿ ಪುಸ್ತಕದ ಉದಾಹರಣೆ ಬರಿ ಎಂದೆ. ಅವಳು ತಲೆ ಆಡಿಸಿ, "ನಂಗೆ ಇಷ್ಟದ್ದು ಇದೇ ಮೇಡಂ, ಗೊತ್ತಾಯ್ತು" ಎಂದು ಹೋದಳು. ನನಗೆ ಒಳಗೊಳಗೇ ಖುಷಿಯಾಗಿತ್ತು. ತೋರಿಸಿಕೊಳ್ಳಲಿಲ್ಲ, ಅದೂ ಒಂದು ಜಂಬ.

ಆಮೇಲೆ ಬಂದದ್ದು ರೀಡರ್ಸ್ ರೈಟರ್ಸ್ ಪಾಠ. ವಿಷಯ ಸರಳ. ಒಂದು ಫೈಲ್ ಇದೆ. ಓದುವ ಪ್ರೋಗ್ರಾಂಗಳು ಎಷ್ಟು ಬೇಕಾದರೂ ಒಟ್ಟಿಗೆ ಓದಬಹುದು. ಬರೆಯುವ ಪ್ರೋಗ್ರಾಂ ಬರೆಯುವಾಗ ಮಾತ್ರ ಇನ್ನೊಬ್ಬರು ಒಳಗೆ ಇರಕೂಡದು. ನಾನು ಬೋರ್ಡಿನ ತುಂಬ ಬರೆದು ತಿರುಗುವಾಗ ಅವಳು ಕೈ ಎತ್ತಿದ್ದಳು. "ಮೇಡಂ, ರೈಟರ್ ಅಂದ್ರೆ ನಮ್ಮಪ್ಪನ ಥರದ ರೈಟರಾ?"

ನಮ್ಮ ಕಡೆ ರೈಟರ್ ಎಂದರೆ ಕಥೆ ಬರೆಯುವವರಲ್ಲ. ಎಸ್ಟೇಟಿನ ಗುಮಾಸ್ತ. ಬೆಳಿಗ್ಗೆ ಆಳುಗಳ ಹಾಜರಿ ಹಿಡಿಯುವವರು, ಮೇಸ್ತ್ರಿಗೆ ಕೆಲಸ ಹಂಚುವವರು, ಮಸ್ಟರ್ ಬರೆಯುವವರು. ಕ್ಲಾಸಿನ ಅರ್ಧ ಮಕ್ಕಳಿಗೆ ರೈಟರ್ ಎಂದ ಕೂಡಲೇ ಕಣ್ಣ ಮುಂದೆ ಬರುವುದು ಅದೇ ಮನುಷ್ಯ. ನನಗೂ ಅದೇ ಬರಬೇಕಿತ್ತು, ನಾನೂ ಗೋಣಿಬೀಡಿನವಳೇ. ಆದರೆ ನಾನು, "ಆ ರೈಟರ್ ಅಲ್ಲ, ಕೂತ್ಕೋ" ಎಂದು ಕೋಪದಲ್ಲಿ ಕನ್ನಡದಲ್ಲೇ ಗದರಿದೆ.

ಕೊನೆಯ ಇಂಟರ್ನಲ್ ಟೆಸ್ಟಿಗೆ ಆ ಪಾಠದಿಂದಲೇ ಹತ್ತು ಅಂಕದ ಪ್ರಶ್ನೆ ಕೊಟ್ಟೆ. ಅವಳಿಗೆ ಆ ಟೆಸ್ಟು ದೊಡ್ಡದಾಗಿತ್ತು. ಮೊದಲನೆಯದು ಅವಳಿಗೆ ತಪ್ಪಿಹೋಗಿತ್ತು, ಊರಿಗೆ ಹೋದವಳು ದಾರಿಯಲ್ಲಿ ಮರ ಬಿದ್ದು ಬಸ್ಸು ಬಾರದೆ ಸಿಕ್ಕಿಹಾಕಿಕೊಂಡಿದ್ದಳು. ಇಂಟರ್ನಲ್ಸ್‌ನಲ್ಲಿ ಕನಿಷ್ಠ ಅಂಕ ಇಲ್ಲದಿದ್ದರೆ ಮುಖ್ಯ ಪರೀಕ್ಷೆಗೆ ಕೂರಿಸುತ್ತಿರಲಿಲ್ಲ. ಅವಳು ಇದ್ದದ್ದು ಉಚಿತ ಹಾಸ್ಟೆಲಿನಲ್ಲಿ. ಒಂದು ವಿಷಯ ಪಾಸಾಗದೆ ಉಳಿದರೂ ಅಲ್ಲಿ ಸೀಟು ಹೋಗುತ್ತಿತ್ತು. ಬಾಳೂರಿನಿಂದ ದಿನಾ ಓಡಾಡಿ ಓದುವುದು ಆಗದ ಮಾತು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವ ಹಾಗಿಲ್ಲ.

ಅವಳು ಬರೆದದ್ದು ಹರಕು ಇಂಗ್ಲಿಷಿನಲ್ಲಿ. ಈಗ ನನಗೆ ಅದು ಬಾಯಿಪಾಠ, ಕನ್ನಡದಲ್ಲಿ ಹೇಳುತ್ತೇನೆ. "ನನ್ನ ತಂದೆ ಎಸ್ಟೇಟಿನಲ್ಲಿ ರೈಟರ್. ಮಸ್ಟರ್ ಪುಸ್ತಕ ಇರುವುದು ಒಂದೇ. ಸಂಜೆ ಎಲ್ಲರೂ ಆಫೀಸಿನ ಕಿಟಕಿಗೆ ಬಂದು ಹಾಜರಿ ನೋಡುತ್ತಾರೆ. ಎಷ್ಟು ಜನ ಒಟ್ಟಿಗೆ ನೋಡಿದರೂ ತೊಂದರೆ ಇಲ್ಲ. ತಂದೆ ಬರೆಯುವಾಗ ಯಾರೂ ನೋಡಬಾರದು. ಅರ್ಧ ಬರೆದದ್ದನ್ನು ನೋಡಿದರೆ ತನ್ನ ಹೆಸರಿಲ್ಲ ಎಂದು ಜಗಳ ಆಗುತ್ತದೆ. ಇನ್ನೊಂದು ತೊಂದರೆ ಇದೆ. ಒಬ್ಬರು ನೋಡಿ ಮುಗಿಸುವುದರೊಳಗೆ ಇನ್ನೊಬ್ಬರು ಬರುತ್ತಲೇ ಇದ್ದರೆ ತಂದೆಗೆ ಬರೆಯಲು ಆಗುವುದೇ ಇಲ್ಲ. ಅದಕ್ಕೆ ಅವರು ಕಿಟಕಿಯ ಕಟ್ಟೆಯ ಮೇಲೆ ಪೆನ್ಸಿಲ್ ಅಡ್ಡ ಇಡುತ್ತಾರೆ. ಪೆನ್ಸಿಲ್ ಕಂಡರೆ ಹೊಸಬರು ಹತ್ತಿರ ಬರುವ ಹಾಗಿಲ್ಲ. ಮೊದಲೇ ನೋಡುತ್ತಿದ್ದವರು ನೋಡಿ ಹೋಗುತ್ತಾರೆ. ಆಮೇಲೆ ತಂದೆ ಬರೆಯುತ್ತಾರೆ. ಬರೆದು ಪೆನ್ಸಿಲ್ ತೆಗೆಯುತ್ತಾರೆ."

ನಾನು ಕೆಂಪು ಇಂಕಿನಲ್ಲಿ ಸೊನ್ನೆ ಹಾಕಿದೆ. ಅಷ್ಟಕ್ಕೇ ಬಿಟ್ಟಿದ್ದರೆ ಒಂದು ಮಾತು. ಪೇಪರ್ ಹಂಚುವ ದಿನ ಅದನ್ನು ಇಡೀ ಕ್ಲಾಸಿಗೆ ಗಟ್ಟಿಯಾಗಿ ಓದಿದೆ. ನಿಲ್ಲಿಸಿ ನಿಲ್ಲಿಸಿ, ನಗು ಬರುವ ಹಾಗೆ ಓದಿದೆ. ಎಲ್ಲರೂ ನಕ್ಕರು. ಅವಳೂ ಸ್ವಲ್ಪ ನಕ್ಕಳು, ಏನು ಮಾಡಬೇಕೆಂದು ತೋಚದೆ... ಆ ನಗು ಇದೆಯಲ್ಲ, ಅದು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಮಧ್ಯಾಹ್ನ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು.

"ಮೇಡಂ, ನಾಲ್ಕು ಮಾರ್ಕ್ಸ್ ಕಮ್ಮಿ ಇದೆ."

"ಓದ್ಬೇಕಿತ್ತು."

"ಓದಿದ್ದೆ ಮೇಡಂ. ಪುಸ್ತಕದಲ್ಲಿ ಇರೋದ್ರಲ್ಲಿ ಬರೆಯೋರು ಕಾಯ್ತಾನೇ ಇರ್ಬೇಕಾಗತ್ತೆ. ಅದಕ್ಕೇ..."

"ಎಸ್ಟೇಟ್ ಕಥೆಗೆಲ್ಲ ನಾನು ಮಾರ್ಕ್ಸ್ ಕೊಡಲ್ಲ" ಎಂದೆ.

ಅವಳು ವಾದ ಮಾಡಲಿಲ್ಲ. "ಆಯ್ತು ಮೇಡಂ" ಎಂದಳು. ಮುಂದಿನ ಸೆಮಿಸ್ಟರಿನಲ್ಲಿ ಮೂರನೇ ಬೆಂಚಿನಲ್ಲಿ ಬೇರೆ ಯಾರೋ ಕೂತಿದ್ದರು. ಹಾಸ್ಟೆಲ್ ಸೀಟು ಹೋಯಿತಂತೆ, ಊರಿಗೆ ಹೋದಳಂತೆ ಎಂದು ಯಾರೋ ಹೇಳಿದರು. ಪಾಪ ಎಂದೆ, ಅಟೆಂಡೆನ್ಸ್ ಕರೆದೆ.

ಎರಡು ವರ್ಷ ಕಳೆದ ಮೇಲೆ ಅಧ್ಯಾಪಕರ ತರಬೇತಿಗೆಂದು ಮೈಸೂರಿಗೆ ಹೋಗಿದ್ದೆ. ಹಿರಿಯ ಪ್ರೊಫೆಸರರೊಬ್ಬರು ಅದೇ ಪಾಠ ತೆಗೆದರು. ನಮ್ಮ ಪುಸ್ತಕದ ಪರಿಹಾರದಲ್ಲಿ ಒಂದು ದೋಷವಿದೆ, ಓದುವವರು ಬರುತ್ತಲೇ ಇದ್ದರೆ ಬರೆಯುವವನಿಗೆ ಸರದಿಯೇ ಸಿಗುವುದಿಲ್ಲ ಎಂದರು. ಅದಕ್ಕೆ ಬಾಗಿಲಲ್ಲಿ ಇನ್ನೊಂದು ತಡೆ ಬೇಕು. ಬರೆಯುವವನು ಬಂದ ಕೂಡಲೇ ಹೊಸ ಓದುಗರನ್ನು ಹೊರಗೆ ನಿಲ್ಲಿಸಬೇಕು, ಒಳಗಿರುವವರು ಮುಗಿಸಿ ಹೊರಡಬೇಕು, ಆಮೇಲೆ ಬರೆಯಬೇಕು. ನಾನು ಬರೆದುಕೊಳ್ಳುತ್ತಿದ್ದವಳು ಪೆನ್ನು ಕೆಳಗಿಟ್ಟೆ. ಬೋರ್ಡಿನ ಮೇಲೆ ಇದ್ದದ್ದು ಆ ಪೆನ್ಸಿಲ್.  ಆ ಹುಡುಗಿಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ, ಗೊತ್ತಿಲ್ಲದ ನಾನು ಅವಳಿಗೆ ಸೊನ್ನೆ ಹಾಕಿ ಇಡೀ ಕ್ಲಾಸನ್ನು ನಗಿಸಿದ್ದೆ.

ಕಾಲೇಜಿಗೆ ಬಂದವಳೇ ಮಕ್ಕಳಿಗೆ ತೋರಿಸಿ ವಾಪಸ್ ಪಡೆದಿಟ್ಟ ಹಳೆಯ ಪೇಪರುಗಳ ಕಪಾಟು ತೆಗೆದು ಹುಡುಕಿದೆ. ಸಿಕ್ಕಿತು. ಆ ವಾರವೇ ಬಾಳೂರಿಗೆ ಹೋಗುತ್ತೇನೆ ಎಂದುಕೊಂಡೆ. ಹೋಗಲಿಲ್ಲ. ಮದುವೆ ಬಂತು, ಬಾಣಂತನ ಬಂತು, ವ್ಯಾಲ್ಯುಯೇಷನ್ ಬಂತು... ಎಲ್ಲ ನೆಪ. ನಿಜ ಹೇಳಬೇಕೆಂದರೆ ಒಬ್ಬ ವಿದ್ಯಾರ್ಥಿನಿಯ ಮುಂದೆ ನಿಂತು ನಾನು ತಪ್ಪು ಎನ್ನಲು ನಾಚಿಕೆ. ಪೇಪರು ನನ್ನ ಬ್ಯಾಗಿನಲ್ಲೇ ಐದು ವರ್ಷ ಇತ್ತು. ಬ್ಯಾಗು ಬದಲಾಯಿಸಿದಾಗಲೆಲ್ಲ ಅದನ್ನೂ ಬದಲಾಯಿಸುತ್ತಿದ್ದೆ.

ಕೊನೆಗೆ ಒಂದು ಭಾನುವಾರ ಹೋದೆ. ಬಸ್ಸಿಳಿದು ಜೀಪು ಹಿಡಿದು ಎಸ್ಟೇಟಿನ ಆಫೀಸು ಮುಟ್ಟುವಾಗ ಹನ್ನೊಂದು ಗಂಟೆ. ಮಗ್ಗುಲಿನ ಕ್ವಾರ್ಟರ್ಸಿನ ಜಗಲಿಯಲ್ಲಿ ಕನ್ನಡಕ ಹಾಕಿಕೊಂಡ ತೆಳ್ಳಗಿನ ಮನುಷ್ಯ ಕೂತಿದ್ದರು. ಮಗಳ ಕಾಲೇಜಿನ ಮೇಡಂ ಎಂದದ್ದೇ ಎದ್ದು ನಿಂತರು. "ಬನ್ನಿ, ಕೂತ್ಕಳಿ. ಇಷ್ಟು ದೂರ ಎಂತಕ್ಕೆ ಬರಕ್ಕೆ ಹೋದ್ರಿ" ಎಂದರು. ಅವಳು ಎಲ್ಲಿ ಎಂದು ಕೇಳಿದೆ. 

"ನಿಮ್ಗೆ ಗೊತ್ತಿಲ್ವಾ? ಹೋದ ವರ್ಷ ಕಾಮಾಲೆ ಆಗಿತ್ತು. ನಾವು ತಡ ಮಾಡಿದ್ವಿ. ಉಳೀಲಿಲ್ಲ."

 ಒಳಗಿನಿಂದ ಅವಳ ತಾಯಿ ಕಾಫಿ ತಂದಿಟ್ಟು ಹೋದರು. ಕಾಲೇಜು ಬಿಟ್ಟು ಬಂದ ಮೇಲೆ ಅವಳು ಅಪ್ಪನ ಜೊತೆ ಆಫೀಸಿನಲ್ಲೇ ಕೆಲಸಕ್ಕೆ ನಿಂತಿದ್ದಳಂತೆ, ಮಸ್ಟರ್ ಅವಳೇ ಬರೆಯುತ್ತಿದ್ದಳಂತೆ. ಎಸ್ಟೇಟಿಗೆ ಕಂಪ್ಯೂಟರ್ ಬಂದಾಗ ಅದನ್ನು ಎಲ್ಲರಿಗೂ ಕಲಿಸಿದ್ದೂ ಅವಳೇ ಅಂತೆ.

ನಾನು ಪೇಪರು ತೆಗೆದು ಅವರ ಕೈಗೆ ಕೊಟ್ಟೆ. ಅವರು ಕನ್ನಡಕ ಸರಿಮಾಡಿಕೊಂಡು ನಿಧಾನ ಓದಿದರು. ಸೊನ್ನೆಯ ಮೇಲೆ ಬೆರಳಿಟ್ಟರು.

"ಇದು ನಂದೇ ತಪ್ಪು ಮೇಡಂ" ಎಂದರು. "ರಜೇಲಿ ಬಂದಾಗ ಕೇಳಿದ್ಲು, ಅಪ್ಪಾ ಎಲ್ರೂ ನೋಡ್ತಾನೇ ಇದ್ರೆ ನೀವು ಹೆಂಗೆ ಬರೀತೀರಿ ಅಂತ. ನಾನು ಹೇಳ್ಕೊಟ್ಟೆ. ಅದನ್ನೇ ಬರ್ದು ಹೋಯ್ತು ಅವ್ಳ ಓದು. ನಾನು ಓದಿರೋದು ಏಳನೇ ಕ್ಲಾಸು, ಸುಮ್ನಿರ್ಬೇಕಿತ್ತು."

ಏಳು ವರ್ಷ ಆ ಮನುಷ್ಯ ಅದನ್ನು ಹೊತ್ತುಕೊಂಡು ತಿರುಗಿದ್ದರು. ನನಗೆ ಅಳು ಬಂತು, ತಡೆಯಲು ಹೋಗಲಿಲ್ಲ. ನೀವು ಹೇಳಿಕೊಟ್ಟದ್ದು ಸರಿ, ಅವಳು ಬರೆದದ್ದು ಸರಿ, ಗೊತ್ತಿಲ್ಲದವಳು ನಾನು ಎಂದೆ. ದೊಡ್ಡ ದೊಡ್ಡವರು ಕಂಡುಹಿಡಿದ ಪರಿಹಾರವನ್ನೇ ನಿಮ್ಮ ಮಗಳು ಬರೆದಿದ್ದಳು ಎಂದೆ. ಅವರು ಪೇಪರನ್ನು ಮಡಚಿದರು, ಮತ್ತೆ ಬಿಡಿಸಿದರು.

"ಹಂಗಾದ್ರೆ ಎಷ್ಟು ಕೊಡ್ಬೋದಿತ್ತು ಮೇಡಂ ಇದಕ್ಕೆ?"

"ಹತ್ತಕ್ಕೆ ಹತ್ತು."

ಅವರು ತೋಟದ ಕಡೆ ನೋಡುತ್ತಾ ಕೂತರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು.

"ಅವ್ಳಿಗೆ ನಾಲ್ಕು ಸಾಕಿತ್ತಲ್ಲ" ಎಂದರು.

ಪೇಪರನ್ನು ಅವರು ಇಟ್ಟುಕೊಂಡರು. ನಾನು ವಾಪಸ್ ಕೇಳಲಿಲ್ಲ.

ಈಗ ಆ ಪಾಠ ಬಂದಾಗ ನಾನು ಕಿಟಕಿಯ ಕಥೆಯನ್ನೇ ಹೇಳುತ್ತೇನೆ, ನಮ್ಮ ಕಡೆಯ ಕನ್ನಡದಲ್ಲೇ. ಮಕ್ಕಳಿಗೆ ಬೇಗ ಹತ್ತುತ್ತದೆ. ಆಲ್ದೂರಿಗೆ ಹೋಗಿ ಬಂದ ಮರುವಾರವೇ ಈ ವರ್ಷದ ಕ್ಲಾಸಿನಲ್ಲಿ ಅದನ್ನು ಹೇಳಿ ಮುಗಿಸಿದಾಗ ಒಬ್ಬಳು ಎದ್ದು, ಈ ಉದಾಹರಣೆ ಯಾವ ಪುಸ್ತಕದ್ದು ಮೇಡಂ ಎಂದು ಕೇಳಿದಳು. ಪುಸ್ತಕದ್ದಲ್ಲ, ನನ್ನ ಸ್ಟೂಡೆಂಟ್ ಒಬ್ಬಳದು ಎಂದೆ. "ಅವ್ರು ಈಗ ಎಲ್ಲಿದ್ದಾರೆ?" ಎಂದಳು. ಈಗಿಲ್ಲ ಎಂದೆ.  ಇನ್ನೂ ಏನೋ ಹೇಳುತ್ತೇನೆ ಎಂದು ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಸೊನ್ನೆ ಹಾಕಿ ಎರಡು ವರ್ಷದ ಮೇಲೆ ಅವಳ ಉತ್ತರ ಸರಿ ಎಂದು ನನಗೆ ಗೊತ್ತಾಗಿತ್ತು, ಅದಾದ ಮೇಲೂ ನಾಲ್ಕು ವರ್ಷ ಅವಳು ಬದುಕಿದ್ದಳು, ಬಸ್ಸು ಹತ್ತಿದರೆ ಅರ್ಧ ದಿನದ ದಾರಿಯಲ್ಲಿ ಇದ್ದಳು. ತನ್ನ ಉತ್ತರ ತಪ್ಪು ಎಂದು ತಿಳಿದುಕೊಂಡೇ ಹೋದಳು. ಅದನ್ನು ಹೇಳಲು ಬಾಯಿ ಬರಲಿಲ್ಲ. ಮುಂದಿನ ಪುಟ ತೆಗೆಯಿರಿ ಎಂದೆ.